ಗ್ರಾಮಫೋನಿನ ಕೆಳಗೆ ಏನಿರಬೇಕು?

ಗ್ರಾಮಫೋನಿನಲ್ಲಿ ಸಂಗೀತ ಕೇಳುವವರ ಲಕ್ಷ್ಯವೆಲ್ಲ ಸಾಮಾನ್ಯವಾಗಿ ಯಂತ್ರದ ಮೇಲುಭಾಗದಲ್ಲಿಯೇ ನೆಲೆಸಿರುತ್ತದೆ. ರೆಕಾರ್ಡು ಯಾವುದು, ಹಾಡಿದವರು ಯಾರು, ಮುಳ್ಳು ಹೊಸದೋ ಸವೆದುದೋ, ಧ್ವನಿವರ್ಧಕ ಎಷ್ಟು ದೊಡ್ಡದು ಎಂದು ಅವರು ವಿಚಾರಿಸುತ್ತಾರೆ. ಯಂತ್ರದ ಕೆಳಗೆ ಏನಿದೆಯೆಂದು ಬಗ್ಗಿ ನೋಡುವವರು ವಿರಳ. ಆದರೆ ವಸ್ತುಸ್ಥಿತಿ ಬೇರೆಯೇ ಆಗಿದೆ. ಯಂತ್ರವನ್ನು ಹೊತ್ತ ಮೇಜು, ಮೇಜನ್ನು ಹೊತ್ತ ನೆಲ, ನೆಲವನ್ನು ಹೊತ್ತ ಗೋಡೆ, ಇವೆಲ್ಲವೂ ನಾವು ಕೇಳುವ ಸಂಗೀತದಲ್ಲಿ ತಮ್ಮ ಪಾಲನ್ನು ಸೇರಿಸುತ್ತಲೇ ಇರುತ್ತವೆ. ಅಡುಗೆಮನೆಯಲ್ಲಿ ತಿರುಗುವ ಗ್ರೈಂಡರು, ಓಡಾಡುವ ಮಗುವಿನ ಹೆಜ್ಜೆ, ಬೀದಿಯಲ್ಲಿ ಸಾಗುವ ಲಾರಿ, ಇವು ಯಾವುವೂ ರೆಕಾರ್ಡಿನಲ್ಲಿ ಇಲ್ಲ. ಆದರೂ ಧ್ವನಿವರ್ಧಕದಿಂದ ಹೊರಬರಬಲ್ಲವು.

ಈ ವಿಷಯ ಇಂದು ಮತ್ತೆ ಪ್ರಸಕ್ತವಾಗಿದೆ. ಮೂಲೆ ಸೇರಿದ್ದ ರೆಕಾರ್ಡುಗಳು ಮರಳಿ ಬಳಕೆಗೆ ಬಂದಿವೆ. 1987ರ ತರುವಾಯ ಮೊದಲನೆಯ ಸಲ, 2022ರಲ್ಲಿ, ಅಮೆರಿಕ ದೇಶದಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯ ಎಲ್.ಪಿ. ರೆಕಾರ್ಡುಗಳು ಮಾರಾಟವಾದುವು. ನಮ್ಮ ನಗರಗಳಲ್ಲಿಯೂ ತರುಣರು ಅಜ್ಜನ ಕಾಲದ ರೆಕಾರ್ಡುಗಳನ್ನು ಧೂಳು ಒರೆಸಿ ಹೊರತೆಗೆಯುತ್ತಿದ್ದಾರೆ. ಅವರ ಹಿಂದೆಯೇ ಸಾಮಗ್ರಿಗಳ ಒಂದು ಮಾರುಕಟ್ಟೆಯೂ ಬಂದಿದೆ. ಯಂತ್ರದ ಕೆಳಗಿಡುವ ಶಂಕುಗಳು, ಗುಂಡುಗಳು, ಮೆತ್ತೆಗಳು, ಕಲ್ಲಿನ ಹಲಗೆಗಳು, ಒಂದಕ್ಕಿಂತ ಒಂದು ದುಬಾರಿ. ಪ್ರತಿಯೊಂದೂ ಕಂಪನವನ್ನು ನಿರ್ಮೂಲ ಮಾಡುವುದೆಂಬ ಆಶ್ವಾಸನೆಯೊಡನೆ ಬರುತ್ತದೆ. ಈ ಆಶ್ವಾಸನೆಗಳನ್ನು ನಂಬಿ ಹಣ ತೆರುವ ಮೊದಲು ನಮ್ಮ ವಿದ್ಯಾರ್ಥಿಗಳು ಒಂದು ಮಾತನ್ನು ಮನಗಾಣಬೇಕೆಂಬುದು ಈ ಲೇಖನದ ಉದ್ದೇಶ. ಕಂಪನವನ್ನು ಹಣದಿಂದ ಗೆಲ್ಲಲಾಗದು, ಬರಿಯ ಭಾರದಿಂದಲೂ ಗೆಲ್ಲಲಾಗದು, ಲೆಕ್ಕದಿಂದ ಗೆಲ್ಲಬಹುದು. ಆ ಲೆಕ್ಕವಾದರೋ ಪ್ರೌಢಶಾಲೆಯ ಭೌತವಿಜ್ಞಾನವನ್ನು ಮೀರಿದುದಲ್ಲ.

ಮುಳ್ಳಿಗೆ ತಿಳಿಯುವುದೇನು?

ರೆಕಾರ್ಡಿನ ಮೇಲಿರುವ ಸುರುಳಿಯಾಕಾರದ ಸಣ್ಣ ತೋಡಿನಲ್ಲಿ ಮುಳ್ಳು ಸಾಗುತ್ತದೆ. ತೋಡಿನ ಗೋಡೆಗಳು ನೇರವಾಗಿರದೆ ಸಂಗೀತಕ್ಕೆ ತಕ್ಕಂತೆ ಬಳುಕಿರುವುದರಿಂದ ಮುಳ್ಳೂ ಬಳುಕುತ್ತದೆ. ತೋಳಿನ ತುದಿಯಲ್ಲಿರುವ ಪಿಕಪ್ಪು ಎಂಬ ಪುಟ್ಟ ಪೆಟ್ಟಿಗೆಯೊಳಗೆ ಅಯಸ್ಕಾಂತವೂ ತಂತಿಯ ಸುರುಳಿಯೂ ಇರುತ್ತವೆ. ಮುಳ್ಳು ಪೆಟ್ಟಿಗೆಯನ್ನು ಕುರಿತು ಎಷ್ಟು ಅಲುಗಿತೋ ಅದಕ್ಕೆ ಅನುಗುಣವಾಗಿ ವಿದ್ಯುತ್ತು ಹುಟ್ಟುತ್ತದೆ.

ಇಲ್ಲಿಯೇ ಸಮಸ್ಯೆಯ ಮೂಲವಿದೆ. ಪಿಕಪ್ಪಿಗೆ ತಿಳಿಯುವುದು ವ್ಯತ್ಯಾಸ ಮಾತ್ರ. ಮುಳ್ಳು ಅಲುಗಿತೋ, ಅಥವಾ ಮುಳ್ಳು ಸುಮ್ಮನಿದ್ದು ಪೆಟ್ಟಿಗೆ ಅಲುಗಿತೋ, ಅದು ಅರಿಯದು. ನಿಲ್ದಾಣದಲ್ಲಿ ಕುಳಿತ ಪ್ರಯಾಣಿಕನಿಗೆ ಪಕ್ಕದ ರೈಲು ಹೊರಟಿತೋ ತನ್ನ ರೈಲೇ ಹೊರಟಿತೋ ಎಂದು ಕ್ಷಣಕಾಲ ತಿಳಿಯದಿರುವಂತೆಯೇ ಇದು. ಭೂಕಂಪಮಾಪಕ ಯಂತ್ರವೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ: ತೂಗುಬಿಟ್ಟ ಭಾರವೊಂದು ನಿಶ್ಚಲವಾಗಿರುತ್ತದೆ, ನೆಲ ಅದರ ಕೆಳಗೆ ಚಲಿಸುತ್ತದೆ, ಇವೆರಡರ ವ್ಯತ್ಯಾಸ ದಾಖಲೆಯಾಗುತ್ತದೆ. ಆದುದರಿಂದ ಗ್ರಾಮಫೋನನ್ನು ಮನೆಗೆ ತಂದವನು ಒಂದು ಸೂಕ್ಷ್ಮವಾದ ಭೂಕಂಪಮಾಪಕವನ್ನೂ ತಂದಂತಾಯಿತು.

ಎಷ್ಟು ಸೂಕ್ಷ್ಮ? ಸೆಕೆಂಡಿಗೆ 1000 ಬಾರಿ ಕಂಪಿಸುವ ಒಂದು ಸ್ವರವನ್ನು, ಸೆಕೆಂಡಿಗೆ 5 ಸೆಂಟಿಮೀಟರ್ ಗರಿಷ್ಠ ವೇಗದಲ್ಲಿ ಕೆತ್ತಲಾಗಿದೆ ಎಂದಿಟ್ಟುಕೊಳ್ಳೋಣ. ಇದು ಸಾಧಾರಣವಾದ ಗಟ್ಟಿದನಿ. ಲೆಕ್ಕ ಹಾಕಿದರೆ ಮುಳ್ಳು ತನ್ನ ನಡುನೆಲೆಯಿಂದ ಆಚೀಚೆಗೆ ಸರಿಯುವುದು ಸುಮಾರು 8 ಮೈಕ್ರಾನ್ ಮಾತ್ರ, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ 8 ಪಾಲು. ಅದೇ ಸ್ವರ ಅತಿ ಮೆಲ್ಲಗಾಗಿ, ಸಾವಿರದಲ್ಲೊಂದು ಅಂಶಕ್ಕೆ ಇಳಿದಾಗ, ಚಲನೆ ನೇರಳೆ ಬೆಳಕಿನ ಅಲೆಯುದ್ದದ ಐವತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಇಂಥ ಅಲ್ಪ ಚಲನೆಯನ್ನು ಓದುವ ಯಂತ್ರದ ಕೆಳಗೆ ನೆಲ ಎಷ್ಟು ನಡುಗಿದರೂ ಚಿಂತೆಯಿಲ್ಲ ಎನ್ನುವುದು ಸಾಧ್ಯವೆ?

ಇನ್ನೆರಡು ಕಾರಣಗಳಿಂದ ತೊಂದರೆ ಇಮ್ಮಡಿಯಾಗುತ್ತದೆ. ಮೊದಲನೆಯದು, ಕೆಳಸ್ವರಗಳನ್ನು ಇದ್ದಂತೆಯೇ ಕೆತ್ತಿದರೆ ತೋಡು ಅತಿಯಾಗಿ ಬಳುಕಿ ಪಕ್ಕದ ತೋಡನ್ನು ಹಾಯುತ್ತದೆ. ಆ ಕಾರಣ ಅವನ್ನು ಕುಗ್ಗಿಸಿ ಕೆತ್ತಿ, ನುಡಿಸುವಾಗ ಹಿಗ್ಗಿಸುವ ಪದ್ಧತಿಯಿದೆ. 1954ರಿಂದ ಬಳಕೆಗೆ ಬಂದ ಅಮೆರಿಕದ ಕ್ರಮದ ಪ್ರಕಾರ, ಸೆಕೆಂಡಿಗೆ 1000 ಕಂಪನಗಳ ಸ್ವರಕ್ಕೆ ಹೋಲಿಸಿದರೆ 20 ಕಂಪನಗಳ ಸ್ವರವನ್ನು ಆಂಪ್ಲಿಫೈಯರು ಸುಮಾರು 9 ಪಟ್ಟು ಹೆಚ್ಚಾಗಿ ಹಿಗ್ಗಿಸುತ್ತದೆ. ಮನೆಯ ನಡುಕಗಳೆಲ್ಲ ಈ ಕೆಳಮಟ್ಟದವೇ ಆದುದರಿಂದ ಸಂಗೀತದೊಡನೆ ಅವುಗಳಿಗೂ ಈ ಉಪಚಾರ ಸಲ್ಲುತ್ತದೆ.

ಎರಡನೆಯದು ಸ್ಟೀರಿಯೊ. ಹಳೆಯ ಒಂಟಿವಾಹಿನಿಯ ರೆಕಾರ್ಡುಗಳಲ್ಲಿ ತೋಡು ಎಡಬಲಕ್ಕೆ ಮಾತ್ರ ಬಳುಕುತ್ತಿತ್ತು. ಆ ಕಾಲದ ಪಿಕಪ್ಪು ಮೇಲುಕೆಳಗಿನ ಚಲನೆಯನ್ನು ಬಹುಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1958ರಲ್ಲಿ ಸ್ಟೀರಿಯೊ ರೆಕಾರ್ಡುಗಳು ಅಂಗಡಿಗೆ ಬಂದಮೇಲೆ ಮೇಲುಕೆಳಗಿನ ಚಲನೆಯೂ ಸಂಗೀತದ ಭಾಗವಾಯಿತು. ನೆಲದ ನಡುಕ ಮುಖ್ಯವಾಗಿ ಮೇಲುಕೆಳಗಿನದು. ಅಲ್ಲಿಯವರೆಗೆ ಬಾಗಿಲಾಚೆ ನಿಂತಿದ್ದ ಅತಿಥಿಗೆ ಹೀಗೆ ಬಾಗಿಲು ತೆರೆದಂತಾಯಿತು. ಆಂಪ್ಲಿಫೈಯರಿನಲ್ಲಿ ಮಾನೊ ಗುಂಡಿಯಿದ್ದವರು ಇದನ್ನು ಸ್ವತಃ ಪರೀಕ್ಷಿಸಬಹುದು. ಗುಂಡಿಯನ್ನೊತ್ತಿದ ಕೂಡಲೇ ಎರಡು ವಾಹಿನಿಗಳು ಕೂಡಿ, ಮೇಲುಕೆಳಗಿನ ಚಲನೆ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಹಿನ್ನೆಲೆಯ ಗುಡುಗು ಗಮನಾರ್ಹವಾಗಿ ತಗ್ಗುತ್ತದೆ. ಹಳೆಯ ಮಾನೊ ರೆಕಾರ್ಡುಗಳನ್ನು ಈ ಗುಂಡಿಯನ್ನೊತ್ತಿಯೇ ಕೇಳುವುದು ಲೇಸು.

ಮೃದುವಾದುದೆಲ್ಲ ರಕ್ಷಕವಲ್ಲ

ನಡುಕವನ್ನು ತಡೆಯಲು ಏನನ್ನಾದರೂ ಮೃದುವಾದುದನ್ನು ಕೆಳಗಿಟ್ಟರೆ ಸಾಕೆಂದು ಹಲವರು ಭಾವಿಸಿದ್ದಾರೆ. ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯಲು ಒಂದು ರಬ್ಬರ್ ಬ್ಯಾಂಡು, ಒಂದು ಬೀಗ ಸಾಕು. ಬೀಗವನ್ನು ಬ್ಯಾಂಡಿಗೆ ಕಟ್ಟಿ ತೂಗಬಿಡಿ. ಕೈಯನ್ನು ಬಹಳ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಬೀಗವೂ ಅಷ್ಟೇ ಆಡುತ್ತದೆ. ವೇಗವನ್ನು ಕ್ರಮವಾಗಿ ಹೆಚ್ಚಿಸುತ್ತ ಹೋದರೆ ಒಂದು ಘಟ್ಟದಲ್ಲಿ ಕೈ ಅತ್ಯಲ್ಪವಾಗಿ ಅಲುಗಿದರೂ ಬೀಗ ಹುಚ್ಚೆದ್ದು ನೆಗೆಯುತ್ತದೆ. ಇನ್ನೂ ವೇಗವಾಗಿ ಆಡಿಸಿದರೆ ಬೀಗ ಬಹುಮಟ್ಟಿಗೆ ನಿಂತೇ ಬಿಡುತ್ತದೆ. ಕೈ ಮಾತ್ರ ನಡುಗುತ್ತಿರುತ್ತದೆ. ನಡುವಣ ಘಟ್ಟವೇ ಅನುರಣನೆ. ಆ ವೇಗವೇ ಬೀಗ ಮತ್ತು ಬ್ಯಾಂಡುಗಳ ಸಹಜ ಕಂಪನಾಂಕ. ನಮಗೆ ಬೇಕಾದುದು ಮೂರನೆಯ ಸ್ಥಿತಿ; ಸಿಗುವುದು ಅನೇಕ ವೇಳೆ ಎರಡನೆಯದು.

ನಿಯಮವನ್ನು ಅಂಕಿಗಳಲ್ಲಿ ಹೇಳುವುದಾದರೆ, ಹೊರಗಿನ ನಡುಕದ ಕಂಪನಾಂಕವು ಸಹಜ ಕಂಪನಾಂಕದ 1.41 ಪಟ್ಟಿಗಿಂತ ಹೆಚ್ಚಾಗಿದ್ದರೆ ಮಾತ್ರ ರಕ್ಷಣೆ ಆರಂಭವಾಗುತ್ತದೆ. ಅದಕ್ಕಿಂತ ಕೆಳಗೆ ರಕ್ಷಣೆಯಿಲ್ಲ, ವೃದ್ಧಿಯಿದೆ. ಸಹಜ ಕಂಪನಾಂಕದ 2 ಪಟ್ಟಿನಲ್ಲಿ ನಡುಕ ಮೂರನೆಯ ಒಂದು ಪಾಲಿಗೆ, 5 ಪಟ್ಟಿನಲ್ಲಿ 24ನೆಯ ಒಂದು ಪಾಲಿಗೆ, 10 ಪಟ್ಟಿನಲ್ಲಿ 99ನೆಯ ಒಂದು ಪಾಲಿಗೆ ಇಳಿಯುತ್ತದೆ. ಸ್ಪ್ರಿಂಗಿನ ಕುಲುಕಾಟವನ್ನು ಶಮನಗೊಳಿಸಲು ಸ್ವಲ್ಪ ನುರುಜು ರಬ್ಬರನ್ನೋ ಉಣ್ಣೆಯನ್ನೋ ಸೇರಿಸಿದರೆ ಅಂಕಿಗಳು ತುಸು ಬದಲಾಗುತ್ತವೆ; ಸ್ವಭಾವ ಬದಲಾಗದು.

ಸಹಜ ಕಂಪನಾಂಕವನ್ನು ಅರಿಯಲು ದೊಡ್ಡ ಉಪಕರಣವೇನೂ ಬೇಡ, ಅಳತೆಪಟ್ಟಿಯೊಂದಿದ್ದರೆ ಸಾಕು. ಸ್ಪ್ರಿಂಗು ಎಳೆದಷ್ಟೂ ಅದೇ ಪ್ರಮಾಣದಲ್ಲಿ ಹಿಂದಕ್ಕೆಳೆಯುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ 1678ರಲ್ಲಿ ಪ್ರಕಟಿಸಿದನು. ಅದರಿಂದ ಹೊರಡುವ ಒಂದು ಸೊಗಸಾದ ಫಲಿತಾಂಶ ಹೀಗಿದೆ: ಯಂತ್ರದ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಗ್ಗಿತೆಂಬುದೊಂದರಿಂದಲೇ ಸಹಜ ಕಂಪನಾಂಕ ನಿರ್ಧಾರವಾಗುತ್ತದೆ. 1 ಸೆಂಟಿಮೀಟರ್ ಕುಗ್ಗಿದರೆ ಸೆಕೆಂಡಿಗೆ 5 ಕಂಪನ. 4 ಸೆಂಟಿಮೀಟರ್ ಕುಗ್ಗಿದರೆ ಎರಡೂವರೆ. ಕಾಲು ಸೆಂಟಿಮೀಟರ್ ಕುಗ್ಗಿದರೆ 10. ಒಂದೇ ಮಿಲಿಮೀಟರ್ ಕುಗ್ಗಿದರೆ ಸುಮಾರು 16.

ಈ ಕೊನೆಯ ಅಂಕಿಯನ್ನು ನಮ್ಮ ಗ್ರಾಹಕರು ಚೆನ್ನಾಗಿ ನೆನಪಿಡಬೇಕು. ಅಂಗಡಿಯಲ್ಲಿ ಸಿಗುವ ತೆಳುವಾದ ರಬ್ಬರ್ ಪಾದಗಳು ಯಂತ್ರದ ಭಾರಕ್ಕೆ ಕುಗ್ಗುವುದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಕಂಪನಕಾಲದಲ್ಲಿ ರಬ್ಬರು ಇನ್ನೂ ಬಿರುಸಾಗಿ ವರ್ತಿಸುವುದರಿಂದ ಸಹಜ ಕಂಪನಾಂಕ ಲೆಕ್ಕಕ್ಕಿಂತಲೂ ಮೇಲಿರುತ್ತದೆ. ರೆಫ್ರಿಜರೇಟರಿನ ಮೋಟಾರು ಹೊರಡಿಸುವ, ಸೆಕೆಂಡಿಗೆ 100 ಕಂಪನಗಳ ಗುಂಯ್‌ಕಾರವನ್ನು ಇಂಥ ಪಾದಗಳು ತಡೆಯಬಲ್ಲವು. ಆದರೆ ಹೆಜ್ಜೆಯ ಸದ್ದು, ಮೃದಂಗದ ಎಡಭಾಗದ ಗುಮುಕು ಮೊದಲಾದ ಕೆಳಗಿನ ಕಂಪನಗಳ ಮುಂದೆ ಅವು ನಿಷ್ಪ್ರಯೋಜಕ. ಸಹಜ ಕಂಪನಾಂಕದ ಆಸುಪಾಸಿನಲ್ಲಂತೂ ರಕ್ಷಕನೇ ಭಕ್ಷಕನಾಗುತ್ತಾನೆ.

ಇನ್ನು ಚೂಪಾದ ಲೋಹದ ಶಂಕುಗಳ ವಿಚಾರ. ಯಂತ್ರದೊಳಗಿನ ಕಂಪನವನ್ನು ಇವು ಕೆಳಕ್ಕೆ ಹರಿಯಬಿಡುತ್ತವೆ, ಕೆಳಗಿನದನ್ನು ಮೇಲಕ್ಕೆ ಬಿಡುವುದಿಲ್ಲ ಎಂದು ಕೆಲವು ವ್ಯಾಪಾರಿಗಳು ಹೇಳುವುದುಂಟು. ಕಂಪನಕ್ಕೆ ಇಂಥ ಏಕಮುಖ ಸಂಚಾರದ ರಸ್ತೆಯನ್ನು ಯಾವ ಲೋಹದ ಶಂಕುವೂ ನಿರ್ಮಿಸಲಾರದು. ಮೇಲಿನಿಂದ ಕೆಳಕ್ಕೆ ಹಾದುಹೋದ ದಾರಿಯಲ್ಲಿಯೇ ಕೆಳಗಿನಿಂದ ಮೇಲಕ್ಕೂ ಬರುತ್ತದೆ. ಶಂಕು ಮಾಡುವ ಕೆಲಸವೆಂದರೆ ಯಂತ್ರವನ್ನು ಮೇಜಿಗೆ ಬಿಗಿಯಾಗಿ ಊರಿಸುವುದು, ಅಲುಗಾಡದಂತೆ ನಿಲ್ಲಿಸುವುದು. ಅದಕ್ಕಷ್ಟೇ ಬೆಲೆ ಕೊಡೋಣ.

ಭಾರದ ಪಕ್ಷ, ಸ್ಪ್ರಿಂಗಿನ ಪಕ್ಷ

ಗ್ರಾಮಫೋನ್ ಪ್ರಿಯರಲ್ಲಿ ಬಹುಕಾಲದಿಂದ ಎರಡು ಪಕ್ಷಗಳಿವೆ. ಒಂದು ಪಕ್ಷಕ್ಕೆ ಭಾರವೇ ದೇವರು. ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ 1950ರ ದಶಕದಲ್ಲಿ ತಯಾರಾದ ಗ್ಯಾರಡ್ 301 ಎಂಬ ಪ್ರಸಿದ್ಧ ಯಂತ್ರವನ್ನು ಈ ಪಕ್ಷದವರು ಇಂದಿಗೂ ದಪ್ಪ ಮರದ ಅಥವಾ ಸ್ಲೇಟು ಕಲ್ಲಿನ ಪೀಠಗಳಲ್ಲಿ ಕೂರಿಸುತ್ತಾರೆ. ಇದರಲ್ಲಿ ಮೋಟಾರಿನ ತಿರುಗುವಿಕೆ ಒಂದು ರಬ್ಬರ್ ಚಕ್ರದ ಮೂಲಕ ತಟ್ಟೆಗೆ ತಲಪುವುದರಿಂದ ಮೋಟಾರಿನ ನಡುಕವೂ ಸುಲಭವಾಗಿ ತಲಪುತ್ತದೆ. ಆ ನಡುಕವನ್ನು ಅಲ್ಪವಾಗಿಸಲು ಭಾರವಾದ ಪೀಠ ಸಹಾಯಕ.

ಮತ್ತೊಂದು ಪಕ್ಷದ ಮೂಲಪುರುಷನೆಂದರೆ ಅಮೆರಿಕದ ಎಡ್ಗರ್ ವಿಲ್ಚರ್. ಸ್ಟೀರಿಯೊ ಬಂದ ಮೂರು ವರ್ಷಗಳಲ್ಲಿ, ಅಂದರೆ 1961ರಲ್ಲಿ, ಮ್ಯಾಸಚೂಸೆಟ್ಸಿನ ಕೇಂಬ್ರಿಜ್ಜಿನಲ್ಲಿದ್ದ ಅವನ ಅಕೌಸ್ಟಿಕ್ ರಿಸರ್ಚ್ ಸಂಸ್ಥೆ ಒಂದು ಟರ್ನ್‌ಟೇಬಲನ್ನು ಹೊರತಂದಿತು. ನೋಡಲು ಅದು ತೀರ ಸರಳ. ಆದರೆ ಅದರ ಒಳಗಿನ ಯೋಜನೆ ಗಮನಾರ್ಹವಾದುದು. ತಿರುಗುವ ತಟ್ಟೆಯ ಬೇರಿಂಗನ್ನೂ ತೋಳಿನ ಬುಡವನ್ನೂ ಒಂದೇ ಲೋಹದ ಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಮೂರು ಮೆತುವಾದ ಸ್ಪ್ರಿಂಗುಗಳಿಂದ ತೂಗಬಿಟ್ಟರು. ಮೋಟಾರನ್ನು ಮಾತ್ರ ಹೊರಗಿನ ಪೀಠಕ್ಕೆ ಬಿಟ್ಟು, ತಟ್ಟೆಗೂ ಅದಕ್ಕೂ ರಬ್ಬರ್ ಪಟ್ಟಿಯೊಂದರ ಸಂಬಂಧವನ್ನಷ್ಟೇ ಉಳಿಸಿದರು. ಪೀಠದ ಮೇಲೆ ಬಿದ್ದ ಹೊಡೆತ ಮುಳ್ಳನ್ನು ತಲಪುವಷ್ಟರಲ್ಲಿ ಬಹುಪಾಲು ಕರಗಿಹೋಗುತ್ತಿತ್ತು. ಮುಂದೆ ಸ್ಕಾಟ್ಲೆಂಡಿನ ಲಿನ್ ಸಂಸ್ಥೆ 1970ರ ದಶಕದ ಆರಂಭದಲ್ಲಿ ಹೊರತಂದ ಪ್ರಸಿದ್ಧ ಯಂತ್ರವೂ ಮೂರು ಸ್ಪ್ರಿಂಗುಗಳ ಇದೇ ಮಾರ್ಗವನ್ನು ಹಿಡಿಯಿತು.

ಯಾರು ಸರಿ? ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಅರ್ಧ ಸರಿ; ಪ್ರತಿಯೊಬ್ಬರೂ ತಮ್ಮ ಅರ್ಧವನ್ನೇ ಪೂರ್ಣವೆಂದು ತಿಳಿದಿರುವುದು ಮಾತ್ರ ತಪ್ಪು. ಗಾಳಿಯ ಮೂಲಕ ಬಂದು ತಟ್ಟುವ ಶಬ್ದಕ್ಕೂ, ಯಂತ್ರದ ಸ್ವಂತ ಮೋಟಾರಿಗೂ ಭಾರ ಮದ್ದು. ಭಾರವಾದ ವಸ್ತುವನ್ನು ಅಲ್ಪ ಬಲ ಅಲುಗಿಸಲಾರದು. ಆದರೆ ನೆಲದಿಂದ ಬರುವ ನಡುಕಕ್ಕೆ ಬರಿಯ ಭಾರ ಮದ್ದಲ್ಲ. ನೆಲ ಅಲುಗಿದರೆ ಅದರ ಮೇಲೆ ಕುಳಿತ ಬಂಡೆಯೂ ಜೊತೆಯಲ್ಲಿಯೇ ಅಲುಗುತ್ತದೆ. ಭೂಕಂಪದಲ್ಲಿ ಬೆಟ್ಟ ಅಲುಗುವುದಿಲ್ಲವೆ? ಭಾರಕ್ಕೂ ನೆಲಕ್ಕೂ ನಡುವೆ ಸಡಿಲವಾದ ಸಂಬಂಧವಿದ್ದರೆ ಮಾತ್ರ ಭಾರದ ಜಡತ್ವ ಉಪಯೋಗಕ್ಕೆ ಬರುತ್ತದೆ.

ವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ಸುಂದರವಾದ ನಿದರ್ಶನವುಂಟು. ಬೆಳಕಿನ ವೇಗದ ಮೇಲೆ ಭೂಮಿಯ ಚಲನೆಯ ಪ್ರಭಾವವನ್ನು ಅಳೆಯಲು ಹೊರಟ ಮೈಕೆಲ್‌ಸನ್ 1881ರಲ್ಲಿ ಬರ್ಲಿನ್ನಿನಲ್ಲಿ ಪ್ರಯೋಗವನ್ನು ಆರಂಭಿಸಿದನು. ನಗರದ ಸಂಚಾರದ ನಡುಕದಿಂದ ಅದು ಅಸಾಧ್ಯವಾಗಲು ಪಾಟ್ಸ್‌ಡಾಮಿನ ವೀಕ್ಷಣಾಲಯಕ್ಕೆ ಹೋದನು. ಅಲ್ಲಿಯೂ ಸುಮಾರು 100 ಮೀಟರ್ ದೂರದ ಕಾಲುದಾರಿಯಲ್ಲಿ ಯಾರಾದರೂ ಕಾಲು ಅಪ್ಪಳಿಸಿದರೆ ಅವನ ಬೆಳಕಿನ ಪಟ್ಟೆಗಳು ಅಳಿಸಿಹೋಗುತ್ತಿದ್ದುವು. 1887ರಲ್ಲಿ ಕ್ಲೀವ್‌ಲೆಂಡಿನಲ್ಲಿ ಮಾರ್ಲಿಯೊಡನೆ ಪ್ರಯೋಗವನ್ನು ಮತ್ತೆ ಕೈಗೊಂಡಾಗ ಅವನು ಉಪಕರಣಗಳನ್ನು ಸುಮಾರು ಒಂದೂವರೆ ಮೀಟರ್ ಚದರದ ಕಲ್ಲಿನ ಚಪ್ಪಡಿಯ ಮೇಲೆ ನಿಲ್ಲಿಸಿ, ಆ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಬಿಟ್ಟನು. ಭಾರವೂ ಇತ್ತು, ಬೇರ್ಪಡಿಕೆಯೂ ಇತ್ತು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಮೊದಲು ಕಂಡ ಅಮೆರಿಕದ ಲೈಗೊ ವೀಕ್ಷಣಾಲಯದಲ್ಲಿ 40 ಕಿಲೊಗ್ರಾಂ ತೂಕದ ಕನ್ನಡಿಗಳು ಒಂದರ ಕೆಳಗೊಂದರಂತೆ ನಾಲ್ಕು ಹಂತದ ಲೋಲಕಗಳಲ್ಲಿ ತೂಗಾಡುತ್ತಿದ್ದುವು. ಮಾಪನದ ಅಳತೆ ಬೇರೆ, ನಿಯಮ ಅದೇ.

ಇದರಿಂದ ನಮಗೆ ದೊರೆಯುವ ಸೂತ್ರವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು: ಒಳಗೆ ಬಿಗಿ, ಹೊರಗೆ ಸಡಿಲ. ತಟ್ಟೆ, ಬೇರಿಂಗು, ತೋಳು, ಪಿಕಪ್ಪು ಇವು ಒಂದೇ ಮೈಯಂತೆ ಬಿಗಿದುಕೊಂಡಿರಬೇಕು. ಅವೆಲ್ಲ ಒಟ್ಟಾಗಿ ಅಲುಗಿದರೆ ಪಿಕಪ್ಪಿಗೆ ವ್ಯತ್ಯಾಸ ಕಾಣದು. ಆ ಮೈಯನ್ನು ಮನೆಯಿಂದ ಮಾತ್ರ ಸಡಿಲವಾಗಿ ಬೇರ್ಪಡಿಸಬೇಕು. ಹಣವಂತರಲ್ಲಿಯೂ ಎಷ್ಟೋ ಜನ ಇದನ್ನು ತಲೆಕೆಳಗು ಮಾಡುತ್ತಾರೆ: ತೋಳಿನ ಬುಡದ ತಿರುಪು ಸಡಿಲವಾಗಿರುತ್ತದೆ, ಯಂತ್ರವನ್ನು ಮಾತ್ರ ಕಲ್ಲಿಗೆ ಬಿಗಿದಿರುತ್ತಾರೆ.

ತನ್ನ ದನಿಯನ್ನೇ ಕೇಳುವ ಯಂತ್ರ

ಮನೆಯಲ್ಲಿ ಅತ್ಯಂತ ಬಲವಾದ ನಡುಕವನ್ನು ಹುಟ್ಟಿಸುವುದು ಲಾರಿಯೂ ಅಲ್ಲ, ಗ್ರೈಂಡರೂ ಅಲ್ಲ; ಸ್ವತಃ ಧ್ವನಿವರ್ಧಕ. ಅದರಿಂದ ಹೊರಟ ಶಬ್ದ ನೆಲದ ಮೂಲಕವೂ ಗಾಳಿಯ ಮೂಲಕವೂ ರೆಕಾರ್ಡಿಗೆ ಮರಳಿ, ಪಿಕಪ್ಪಿನಿಂದ ಆಂಪ್ಲಿಫೈಯರಿಗೆ ಹೋಗಿ, ಮತ್ತೆ ಧ್ವನಿವರ್ಧಕಕ್ಕೆ ಬರುತ್ತದೆ. ಸಭೆಗಳಲ್ಲಿ ಮೈಕು ಕೂಗಿಕೊಳ್ಳುವುದನ್ನು ಎಲ್ಲರೂ ಕೇಳಿದ್ದೇವೆ. ಇದೂ ಅದೇ ವರ್ತುಲ.

ಕೂಗು ಎದ್ದರೆ ಯಾರಿಗಾದರೂ ತಿಳಿಯುತ್ತದೆ. ಏಳದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ಭಾವಿಸುವುದು ಅಪಾಯ. ಒಂದು ಸುತ್ತಿನಲ್ಲಿ ಶಬ್ದದ ಅರ್ಧಾಂಶ ಅದೇ ತಾಳದಲ್ಲಿ ಮರಳಿತೆನ್ನೋಣ. ಮುಂದಿನ ಸುತ್ತಿನಲ್ಲಿ ಕಾಲಂಶ, ಅದರ ಮುಂದೆ ಎಂಟನೆಯ ಒಂದಂಶ. ಹೀಗೆ ಎಲ್ಲವನ್ನೂ ಕೂಡಿದರೆ ಮೂಲಶಬ್ದದ ಎರಡರಷ್ಟಾಗುತ್ತದೆ. ಹತ್ತರಲ್ಲಿ ಒಂಬತ್ತು ಅಂಶ ಮರಳಿದರೆ ಹತ್ತರಷ್ಟು. ಗುಣೋತ್ತರ ಶ್ರೇಢಿಯನ್ನು ಓದಿದ ವಿದ್ಯಾರ್ಥಿಗೆ ಇದು ಹೊಸತಲ್ಲ. ಕೂಗೇಳುವ ಬಹಳ ಮೊದಲೇ ಕೆಲವು ಕೆಳಸ್ವರಗಳು ಹೀಗೆ ಊದಿಕೊಂಡು, ತಂಬೂರಿಯ ಶ್ರುತಿಯೂ ಘಟದ ಪೆಟ್ಟೂ ಮಬ್ಬಾಗುತ್ತವೆ. ಕೇಳುವವನು ರೆಕಾರ್ಡನ್ನು ದೂಷಿಸುತ್ತಾನೆ. ದೋಷ ಇರುವುದು ಕೋಣೆಯಲ್ಲಿ. ಕುಣಿತದ ಸಭಾಂಗಣಗಳಲ್ಲಿ ಭಾರಿ ಧ್ವನಿವರ್ಧಕಗಳ ಪಕ್ಕದಲ್ಲಿಯೇ ಕೆಲಸ ಮಾಡಬೇಕಾಗಿದ್ದ ಜಪಾನಿನ ಟೆಕ್ನಿಕ್ಸ್ ಎಸ್.ಎಲ್. 1200 ಯಂತ್ರದ 1979ರ ಮಾದರಿಗೆ ಭಾರವಾದ ರಬ್ಬರಿನ ತಳವನ್ನು ಕೂಡಿಸಿದುದಕ್ಕೆ ಇದೇ ಕಾರಣ.

ಮೊದಲು ಸ್ಥಳ, ಅನಂತರ ಸಾಮಗ್ರಿ

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮೊಟ್ಟಮೊದಲು ಖರ್ಚಿಲ್ಲದ ಕೆಲಸಗಳನ್ನು ಮುಗಿಸಬೇಕು. ಧ್ವನಿವರ್ಧಕವನ್ನೂ ಟರ್ನ್‌ಟೇಬಲನ್ನೂ ಒಂದೇ ಹಲಗೆಯ ಮೇಲೆ ಎಂದೂ ಇಡಬಾರದು. ಕೋಣೆಯ ಮೂಲೆಗಳಲ್ಲಿ ಕೆಳಸ್ವರಗಳ ಒತ್ತಡ ಹೆಚ್ಚಾಗುವುದರಿಂದ ಯಂತ್ರವನ್ನು ಮೂಲೆಯಿಂದ ಸರಿಸಬೇಕು. ಗಾಳಿಯಿಂದ ಬರುವ ಶಬ್ದಕ್ಕೆ ಯಾವ ಸ್ಪ್ರಿಂಗೂ ಅಡ್ಡಿಯಾಗದು. ಅದಕ್ಕೆ ದೂರವೊಂದೇ ಉಪಾಯ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಹಾಯಿಯಂತೆ ಶಬ್ದವನ್ನು ಹಿಡಿಯುತ್ತದೆಯೋ ಎಂದು ತೆರೆದೂ ಮುಚ್ಚಿಯೂ ಕೇಳಿ ನೋಡಬೇಕು.

ಎರಡನೆಯದು ನೆಲದ ಪರೀಕ್ಷೆ. ಅಗಲವಾದ ಬಟ್ಟಲೊಂದರಲ್ಲಿ ನೀರು ತುಂಬಿ, ಯಂತ್ರವಿಡುವ ಜಾಗದಲ್ಲಿ ಇಟ್ಟು, ಒಬ್ಬರು ಕೋಣೆಯಲ್ಲಿ ಓಡಾಡಲಿ, ಇನ್ನೊಬ್ಬರು ನೀರಿನ ಮೇಲೆ ದೀಪದ ಪ್ರತಿಬಿಂಬವನ್ನು ನೋಡಲಿ. ನೆಲಕ್ಕೆ ನೇರವಾಗಿ ಹಾಸಿದ ಕಲ್ಲುಚಪ್ಪಡಿಯ ಮೇಲೆ ಪ್ರತಿಬಿಂಬ ಅಷ್ಟಾಗಿ ಕದಲದು. ಮಾಳಿಗೆಯ ಹಲಗೆಯ ನೆಲದ ಮೇಲಾದರೆ ಹೆಜ್ಜೆಹೆಜ್ಜೆಗೂ ಒಡೆಯುತ್ತದೆ. ಇಂಥ ಬಳುಕುವ ನೆಲದ ಮೇಲೆ ಸ್ಪ್ರಿಂಗಿನ ಯಂತ್ರವನ್ನಿಡುವುದು ಕೆಟ್ಟ ಉಪಾಯ. ನೆಲದ ನಿಧಾನವಾದ ಬಳುಕು ಸ್ಪ್ರಿಂಗಿನ ಸಹಜ ಕಂಪನಾಂಕದ ಸಮೀಪಕ್ಕೆ ಬಂದು ಯಂತ್ರವೇ ನೆಗೆಯುತ್ತದೆ, ಮುಳ್ಳು ತೋಡು ಬಿಟ್ಟು ಜಿಗಿಯುತ್ತದೆ. ಅಲ್ಲಿ ಪರಿಹಾರವೆಂದರೆ ನೆಲವನ್ನೇ ಬಿಡುವುದು: ಭಾರ ಹೊರುವ ದಪ್ಪ ಗೋಡೆಗೆ ಒಂದು ಗಟ್ಟಿಯಾದ ಹಲಗೆಯನ್ನು ಬಿಗಿದು ಯಂತ್ರವನ್ನು ಅದರ ಮೇಲಿಡುವುದು. ನಮ್ಮ ಹಳೆಯ ಮನೆಗಳ ಗೋಡೆಗೂಡುಗಳೂ, ಗೋಡೆಯೊಳಕ್ಕೆ ಕೂರಿಸಿದ ಕಡಪ ಕಲ್ಲಿನ ಹಲಗೆಗಳೂ ಇದಕ್ಕೆ ತಕ್ಕವು. ನೂರಾರು ರೂಪಾಯಿಯ ಮೆತ್ತೆಗಳು ಮಾಡಲಾರದ ಕೆಲಸವನ್ನು ಒಳ್ಳೆಯ ಗೋಡೆ ಮಾಡುತ್ತದೆ.

ಮೂರನೆಯದು ತೋಳಿನ ಹೊಂದಾಣಿಕೆ. ಮುಳ್ಳನ್ನು ಹೊತ್ತ ಸಣ್ಣ ಕಡ್ಡಿ ತಾನೇ ಒಂದು ಸ್ಪ್ರಿಂಗು. ತೋಳು ಮತ್ತು ಪಿಕಪ್ಪುಗಳ ಭಾರ ಅದರ ಮೇಲಿದೆ. ಆದುದರಿಂದ ಇವಕ್ಕೂ ಒಂದು ಸಹಜ ಕಂಪನಾಂಕವಿದೆ. ಅದು ಸೆಕೆಂಡಿಗೆ 8ರಿಂದ 12ರ ನಡುವೆ ಇರುವುದು ಉತ್ತಮ. ಬಾಗಿದ ರೆಕಾರ್ಡಿನ ಏರಿಳಿತಗಳು ಇದಕ್ಕಿಂತ ಕೆಳಗೆ, ಸಂಗೀತವೆಲ್ಲ ಇದಕ್ಕಿಂತ ಮೇಲೆ. ಭಾರವಾದ ತೋಳಿಗೆ ಅತಿ ಮೆತುವಾದ ಪಿಕಪ್ಪನ್ನು ಜೋಡಿಸಿದರೆ ಕಂಪನಾಂಕ ಇಳಿದು, ಪ್ರತಿಯೊಂದು ಹೆಜ್ಜೆಗೂ ತೋಳು ಕುಣಿಯುತ್ತದೆ.

ಇಷ್ಟಾದ ಮೇಲೆಯೂ ನಡುಕ ಉಳಿದಿದ್ದರೆ ಮಾತ್ರ ಸ್ಪ್ರಿಂಗಿನ ಯೋಚನೆ. ಯಂತ್ರ ಮತ್ತು ಅದನ್ನು ಹೊರುವ ಹಲಗೆ ಸೇರಿ 8 ಕಿಲೊಗ್ರಾಂ ಇದ್ದು, ನಾಲ್ಕು ಸ್ಪ್ರಿಂಗುಗಳು ಸಮನಾಗಿ ಹೊರುವುದಾದರೆ, ಪ್ರತಿಯೊಂದೂ 2 ಕಿಲೊಗ್ರಾಂ ಹೊರಬೇಕು. ಅಷ್ಟು ತೂಕಕ್ಕೆ ಸರಿಯಾಗಿ 1 ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗನ್ನು ಆರಿಸಿದರೆ ಸಹಜ ಕಂಪನಾಂಕ 5. ಅಂಗಡಿಯ ತೂಕದ ಕಲ್ಲೊಂದನ್ನೂ ಅಳತೆಪಟ್ಟಿಯನ್ನೂ ಹಿಡಿದು ಹೋದ ವಿದ್ಯಾರ್ಥಿಯನ್ನು ಯಾವ ವ್ಯಾಪಾರಿಯೂ ಮೋಸಗೊಳಿಸಲಾರನು. ಯಂತ್ರದ ಭಾರ ಎಲ್ಲ ಕಡೆಗೂ ಸಮನಾಗಿರದು. ಹಲಗೆ ಓರೆಯಾಗದಂತೆ ಸ್ಪ್ರಿಂಗುಗಳ ಜಾಗವನ್ನು ಸರಿಪಡಿಸಬೇಕು. ಸ್ಪ್ರಿಂಗು ಸಿಗದವರು ಅರೆಬರೆ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಮೇಲೆ ಹಲಗೆಯನ್ನಿಟ್ಟು ನೋಡಬಹುದು. ಅಲ್ಲಿ ಕುಗ್ಗಿದ ಅಳತೆಯಿಂದ ಲೆಕ್ಕ ಹೊರಡದು; ಹಲಗೆಯನ್ನು ಮೆಲ್ಲನೆ ಒತ್ತಿ ಬಿಟ್ಟು, ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿ ನಿಧಾನಗತಿಯ ಚಿತ್ರ ತೆಗೆದು, ಸೆಕೆಂಡಿಗೆ ಎಷ್ಟು ಬಾರಿ ಕುಲುಕಿತೆಂದು ಎಣಿಸಿದರಾಯಿತು.

ಪ್ರತಿಯೊಂದು ಬದಲಾವಣೆಯ ಮುನ್ನವೂ ಅನಂತರವೂ ಒಂದೇ ಪರೀಕ್ಷೆಯನ್ನು ಮಾಡಬೇಕು. ತಟ್ಟೆಯನ್ನು ನಿಲ್ಲಿಸಿ, ಬೆಲೆಯಿಲ್ಲದ ರೆಕಾರ್ಡೊಂದರ ಮೇಲೆ ಮುಳ್ಳನ್ನಿಳಿಸಿ, ಧ್ವನಿಯನ್ನು ಮಿತವಾಗಿ ಏರಿಸಿ, ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು. ಕೇಳಿದ ಪೆಟ್ಟು ಕ್ಷೀಣವಾಗಿ ಕೂಡಲೇ ಅಡಗಿದರೆ ಸಂತೋಷ. ಗುಂಯ್ಗುಡುತ್ತ ಉಳಿದರೆ ಕೆಲಸ ಬಾಕಿಯಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದೇ ಇಲ್ಲ.

ಇಷ್ಟು ಶ್ರಮವೇಕೆ?

ಕಿವಿಯೇ ಸಾಕ್ಷಿಯಾಗಿರುವಾಗ ಈ ಲೆಕ್ಕಾಚಾರವೆಲ್ಲ ಏಕೆ ಎಂದು ಕೆಲವರು ಆಕ್ಷೇಪಿಸಬಹುದು. ಆನಂದಕ್ಕೆ ಕಿವಿಯೇ ಸಾಕ್ಷಿಯೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಕಾರಣಕ್ಕೆ ಕಿವಿ ಸಾಕ್ಷಿಯಲ್ಲ. ಹೆಚ್ಚು ಬೆಲೆ ಕೊಟ್ಟು ತಂದ ವಸ್ತು ಹೆಚ್ಚು ಇಂಪಾಗಿ ಕೇಳಿಸುವುದು ಮನುಷ್ಯಸ್ವಭಾವ. ಯಾವ ಪಾದ ಕೆಳಗಿದೆಯೆಂದು ಕೇಳುವವನಿಗೆ ತಿಳಿಸದೆ, ಗೆಳೆಯನೊಬ್ಬನಿಂದ ಬದಲಿಸಿ ಕೇಳಿದರೆ ಎಷ್ಟೋ ಭ್ರಮೆಗಳು ಕರಗುತ್ತವೆ.

ಸಂಗೀತ ಇಂದು ಕೈಫೋನಿನಲ್ಲಿಯೇ ನಡುಕವಿಲ್ಲದೆ ಬರುತ್ತಿರುವಾಗ ರೆಕಾರ್ಡಿನ ಗೊಡವೆಯೇ ಬೇಡವೆಂದು ಇನ್ನು ಕೆಲವರು ಹೇಳಬಹುದು. ಅವರಿಗೆ ನಮ್ಮ ಉತ್ತರ ಇಷ್ಟೇ: ರೆಕಾರ್ಡು ಬರಿಯ ಸರಕಲ್ಲ, ಹಲವು ಸಂದರ್ಭಗಳಲ್ಲಿ ಉಳಿದಿರುವ ಏಕೈಕ ದಾಖಲೆ. 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡಿಗೆ ಹಾಡಿದ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಅವಳ ಕಂಠ ಇಂದು ನಮಗೆ ಉಳಿದಿರುವುದು ರೆಕಾರ್ಡಿನ ತೋಡುಗಳಿಂದ ಮಾತ್ರ. ರಷ್ಯದ ಸಂಗೀತಕಾರ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನಲ್ಲಿದ್ದಾಗ, ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ ಧನಸಹಾಯದಿಂದ 1940ರ ದಶಕದ ಕೊನೆಯಲ್ಲಿ ತನ್ನ ಕೃತಿಗಳನ್ನು ತಾನೇ ನುಡಿಸಿ ರೆಕಾರ್ಡು ಮಾಡಿದನು, 1951ರಲ್ಲಿ ತೀರಿಕೊಂಡನು. ಇಂಥ ಕೈಗಳನ್ನು ಮತ್ತೆ ಕರೆಸಲಾಗದು. ಎಷ್ಟೋ ಹಳೆಯ ಮುದ್ರಣಗಳ ಮೂಲ ಅಚ್ಚುಗಳು ಉಳಿದಿಲ್ಲ. ಉಳಿದಿರುವುದು ಯಾರದೋ ಮನೆಯ ಅಟ್ಟದ ಮೇಲಿನ ಪ್ರತಿ. ಒಂದು ಹೆಜ್ಜೆಯ ನಡುಕಕ್ಕೆ ಜಿಗಿದ ಮುಳ್ಳು ಅದರ ಮೇಲೆ ಎಳೆದ ಗೀರು ಶಾಶ್ವತ. ಆ ರೆಕಾರ್ಡನ್ನು ಗಣಕದ ಕಡತವಾಗಿ ಉಳಿಸಹೊರಟರೂ, ಪ್ರತಿಮಾಡುವಾಗ ಕೂಡಿಕೊಂಡ ನೆಲದ ಗುಡುಗನ್ನು ಸಂಗೀತದಿಂದ ಪೂರ್ಣವಾಗಿ ಬೇರ್ಪಡಿಸುವುದು ಕಷ್ಟ.

ಆದುದರಿಂದ ಅಟ್ಟದ ರೆಕಾರ್ಡುಗಳನ್ನು ಕೆಳಗಿಳಿಸುವ ನಮ್ಮ ತರುಣರಲ್ಲಿ ಒಂದು ವಿಜ್ಞಾಪನೆ. ಮುಳ್ಳನ್ನು ಇಳಿಸುವ ಮೊದಲು ಒಂದು ಬಟ್ಟಲು ನೀರಿಡಿ. ನೆಲ ಏನು ಹೇಳುತ್ತದೆಂದು ನೋಡಿ. ಹಣವನ್ನು ಹೊರತೆಗೆಯುವ ಮೊದಲು ಅಳತೆಪಟ್ಟಿಯನ್ನು ಹೊರತೆಗೆಯಿರಿ. ಪಠ್ಯಪುಸ್ತಕದಲ್ಲಿ ಅನುರಣನೆಯ ಪಾಠವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತವರು ಅನೇಕರಿದ್ದಾರೆ. ಅದೇ ಪಾಠದಿಂದ ಒಂದು ಹಳೆಯ ಕಂಠವನ್ನು ಶುದ್ಧವಾಗಿ ಕೇಳಿಸಿಕೊಂಡವನು ಅದನ್ನು ಮರೆಯುವ ಸಂಭವವಿಲ್ಲ.